ಜೀವಕೋಶವನ್ನು ಇಟ್ಟಿಗೆ ಅನ್ನಬೇಡಿ

ಸಂಪಾದಕರಿಗೆ,

ನಮಸ್ಕಾರ. ಕಳೆದ ವಾರ ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಜೀವಕೋಶದ ಬಣ್ಣದ ಚಿತ್ರ ಬಂದಿತ್ತು. ಚಿತ್ರ ಚೆನ್ನಾಗಿತ್ತು, ಭಾಗಗಳ ಹೆಸರೂ ಸರಿಯಾಗಿದ್ದವು. ಅದರ ಕೆಳಗಿದ್ದ ಒಂದು ಸಾಲಿನ ಬಗ್ಗೆ ಬರೆಯಲೇಬೇಕು ಅನ್ನಿಸಿತು. ‘ದೇಹ ಒಂದು ಕಟ್ಟಡವಾದರೆ ಜೀವಕೋಶ ಅದರ ಇಟ್ಟಿಗೆ’ ಎಂದಿತ್ತು.

ಈ ಮಾತನ್ನು ನಾನೂ ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಒಂದು ದಿನ ಹುಡುಗಿಯೊಬ್ಬಳು ತಟ್ಟನೆ ಎದ್ದು ನಿಂತು, ‘ಮಿಸ್, ಗೋಡೆ ಕಟ್ಟಿ ಮುಗಿದ ಮೇಲೆ ಇಟ್ಟಿಗೆಗೆ ಏನು ಕೆಲಸ?’ ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಅವಳು ಎದ್ದು ನಿಂತ ರೀತಿಯಲ್ಲೇ ಇತ್ತು ಎಂದು ಆಮೇಲೆ ತಿಳಿಯಿತು.

ನಾವು ಎದ್ದು ನಿಂತಾಗ ರಕ್ತ ಕಾಲಿನ ಕಡೆ ಇಳಿಯುತ್ತದೆ. ಮಲಗಿದ್ದವರು ಎದ್ದರಂತೂ ಅರ್ಧ ಲೀಟರಿನಷ್ಟು ರಕ್ತ ಕೆಳಗೆ ಸೇರುತ್ತದೆ. ಸುಮ್ನೆ ಬಿಟ್ಟರೆ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರಬೇಕು. ಆದರೆ ಕುತ್ತಿಗೆಯ ದೊಡ್ಡ ರಕ್ತನಾಳದ ಗೋಡೆಯಲ್ಲಿ ನರದ ತುದಿಗಳಿವೆ. ಗೋಡೆ ಎಷ್ಟು ಹಿಗ್ಗಿದೆ ಎಂದು ಅವು ಸದಾ ನೋಡುತ್ತಲೇ ಇರುತ್ತವೆ. ಒತ್ತಡ ಸ್ವಲ್ಪ ಇಳಿದರೂ ಮಿದುಳಿನ ಬುಡಕ್ಕೆ ಸುದ್ದಿ ಹೋಗುತ್ತದೆ. ಹೃದಯದ ಬಡಿತ ಏರುತ್ತದೆ, ರಕ್ತನಾಳಗಳ ಸುತ್ತಲಿನ ಸ್ನಾಯುಕೋಶಗಳು ಬಿಗಿಯುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಎಲ್ಲ ಸರಿ. ಆ ಹುಡುಗಿಗೆ ತಲೆ ಸುತ್ತಲಿಲ್ಲ, ಮಾತು ತಡವರಿಸಲಿಲ್ಲ. ಅವಳ ಕೋಶಗಳು ಕೆಲಸ ಮುಗಿಸಿಯಾಗಿತ್ತು.

ಒಂದೇ ಥರದ ಕೋಶಗಳು ಸೇರಿ ಅಂಗಾಂಶ, ಅಂಗಾಂಶಗಳು ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಯಾಕೆ ಹೀಗೆ ಸೇರಿವೆ ಎಂದು ಹೇಳುವುದಿಲ್ಲ. ಸೇರಿದ್ದರಿಂದಲೇ ದೇಹದ ಒಳಗನ್ನು ಒಂದು ಹದದಲ್ಲಿ ಇಡಲು ಆಗುತ್ತದೆ ಅಲ್ವಾ? ಹೊರಗೆ ಏನೇ ಬದಲಾದರೂ ಕೋಶಗಳ ಸುತ್ತಲಿನ ದ್ರವ ಹೆಚ್ಚು ಬದಲಾಗದಿರುವುದೇ ನಮ್ಮ ಬದುಕಿಗೆ ಆಧಾರ ಎಂದು 19ನೇ ಶತಮಾನದಲ್ಲೇ ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಗುರುತಿಸಿದ್ದರು. 1926ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ಇದಕ್ಕೆ ಹೋಮಿಯೋಸ್ಟಾಸಿಸ್ ಎಂಬ ಹೆಸರಿಟ್ಟರು. ನಾವು ಸಮಸ್ಥಿತಿ ಎನ್ನುತ್ತೇವೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ರಕ್ತದ ಸಕ್ಕರೆಯದು. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಊಟಕ್ಕೆ ಮುಂಚೆ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ 4-5 ಗ್ರಾಂ ಅಷ್ಟೇ. ಒಂದೇ ಒಂದು ಟೀ ಚಮಚ! ಒಂದು ಊಟದಿಂದ ಅದರ ಹತ್ತಾರು ಪಟ್ಟು ಒಳಗೆ ಬರುತ್ತದೆ. ಆದರೂ ಆರೋಗ್ಯವಂತರಲ್ಲಿ ಎರಡು ಮೂರು ಗಂಟೆಯಲ್ಲಿ ಮತ್ತೆ ಅದೇ ಒಂದು ಚಮಚಕ್ಕೆ ಬಂದು ನಿಲ್ಲುತ್ತದೆ.

ಇದನ್ನು ನೋಡಿಕೊಳ್ಳುವ ಬೀಟಾ ಕೋಶಗಳು ಮೇದೋಜೀರಕ ಗ್ರಂಥಿಯಲ್ಲಿ ಸಣ್ಣ ಸಣ್ಣ ಗುಂಪುಗಳಾಗಿ ಇವೆ. ಎಲ್ಲ ಸೇರಿಸಿ ತೂಗಿದರೂ ಒಂದು ಗ್ರಾಂನ ಆಸುಪಾಸು. ಪ್ರತಿ ಗುಂಪಿನೊಳಗೂ ನವಿರಾದ ರಕ್ತನಾಳಗಳು ಹೆಣೆದುಕೊಂಡಿವೆ. ಹಾಗಾಗಿ ಸಕ್ಕರೆ ಏರಿದ್ದು ಬೀಟಾ ಕೋಶಗಳಿಗೆ ಬೇಗ ಗೊತ್ತಾಗುತ್ತದೆ. ಅವು ಇನ್ಸುಲಿನ್ ಬಿಡುತ್ತವೆ. ಇನ್ಸುಲಿನ್ ತಲುಪಿದ ಕೂಡಲೇ ಸ್ನಾಯುಕೋಶಗಳು ತಮ್ಮೊಳಗೆ ಇಟ್ಟುಕೊಂಡಿದ್ದ, ಸಕ್ಕರೆ ಒಳಬರುವ ಬಾಗಿಲುಗಳನ್ನು ಹೊರಪೊರೆಗೆ ತಂದು ಜೋಡಿಸುತ್ತವೆ. ಲಿವರ್ ಒಂದಷ್ಟು ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ರಾತ್ರಿ ನಾವು ನಿದ್ದೆಯಲ್ಲಿದ್ದಾಗ ಬೀಟಾ ಕೋಶಗಳ ಪಕ್ಕದಲ್ಲೇ ಇರುವ ಆಲ್ಫಾ ಕೋಶಗಳು ಗ್ಲುಕಗಾನ್ ಎಂಬ ಹಾರ್ಮೋನು ಕಳಿಸಿ, ಸಕ್ಕರೆ ತೀರಾ ಇಳಿಯದಂತೆ ಆ ಗಂಟನ್ನು ಬಿಚ್ಚಿಸುತ್ತವೆ.

ಆ ಒಂದು ಗ್ರಾಂ ಕೋಶಗಳು ಹಾಳಾದರೆ ಬರುವುದೇ ಟೈಪ್ 1 ಮಧುಮೇಹ. 1921ರಲ್ಲಿ ಇನ್ಸುಲಿನ್ ಪತ್ತೆಯಾಗುವ ಮುಂಚೆ ಈ ಕಾಯಿಲೆ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಗೋಡೆಯಲ್ಲಿ ನಾಲ್ಕು ಇಟ್ಟಿಗೆ ಸವೆದರೆ ಮನೆ ಬೀಳುವುದಿಲ್ಲ. ಇಲ್ಲಿ ಇಡೀ ಮೈ ಸೊರಗುತ್ತದೆ. ಇಟ್ಟಿಗೆಯ ಹೋಲಿಕೆ ನನಗೆ ಇಷ್ಟು ಚುಚ್ಚುವುದು ಅದಕ್ಕೇ.

ಸಮಸ್ಥಿತಿಯನ್ನು ವಿವರಿಸುವಾಗ ಬಳಸುವ ‘ಸ್ಥಿರ’ ಅನ್ನುವ ಪದವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಜ್ವರ ಏರುತ್ತಿರುವ ಮಗು ಮೈ ಸುಡುತ್ತಿದ್ದರೂ ಚಳಿ ಅನ್ನುತ್ತದೆ, ನಡುಗುತ್ತದೆ. ಮಿದುಳಿನ ಹೈಪೋಥಲಾಮಸ್ ಆ ಹೊತ್ತಿಗೆ ಮೈ ಬಿಸಿಯ ಗುರಿಯನ್ನೇ 37 ಡಿಗ್ರಿಯಿಂದ ಮೇಲೆ ಏರಿಸಿರುತ್ತದೆ. ಆ ಗುರಿಗೆ ಹೋಲಿಸಿದರೆ ಮೈ ಇನ್ನೂ ತಣ್ಣಗೇ ಇದೆ. ನಡುಕ ಅಂದರೆ ಸ್ನಾಯುಗಳು ಬಿಸಿ ಹುಟ್ಟಿಸುವ ಕೆಲಸ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಜೀವಕೋಶವನ್ನು ಒಂಟಿಯಾಗಿ ಬರೆಯದೆ, ಅದು ಇರುವ ಜಾಗದಲ್ಲಿ ತೋರಿಸಿ. ಬೀಟಾ ಕೋಶ, ಪಕ್ಕದಲ್ಲಿ ಆಲ್ಫಾ ಕೋಶ, ನಡುವೆ ರಕ್ತನಾಳ, ಅಷ್ಟಿದ್ದರೆ ಸಾಕು. ಜೊತೆಗೆ ಮಕ್ಕಳಿಗೆ ಒಂದು ಸಣ್ಣ ಪ್ರಯೋಗ ಕೊಡಿ. ಐದು ನಿಮಿಷ ಮಲಗಿ ಒಂದು ನಿಮಿಷ ನಾಡಿ ಎಣಿಸಲಿ. ಎದ್ದು ನಿಂತು ಮತ್ತೆ ಎಣಿಸಲಿ. ಎರಡು ಸಂಖ್ಯೆಗಳನ್ನೂ ಬರೆದು ನಿಮಗೆ ಕಳಿಸಲಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ