ಡಿಜಿಟಲ್ ಅರೆಸ್ಟ್ ಕರೆ: ಎಲ್ಲರೂ ಓದಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಪೊಲೀಸರ ಸೋಗು ಹಾಕಿ, ವಿಡಿಯೊ ಕಾಲ್‌ನಲ್ಲೇ "ನಿಮ್ಮನ್ನು ಅರೆಸ್ಟ್ ಮಾಡಿದ್ದೇವೆ" ಅಂತ ಹೆದರಿಸಿ ದುಡ್ಡು ಕೀಳುವ ಮೋಸಕ್ಕೆ ಡಿಜಿಟಲ್ ಅರೆಸ್ಟ್ ಅನ್ನುತ್ತಾರೆ.

"ಓದಿದವರೂ ಹೀಗೆ ಮೋಸ ಹೋಗ್ತಾರಾ?" ಅಂತ ಮೊನ್ನೆ ಇಲ್ಲಿ ಕೆಲವರು ಕೇಳಿದ್ದರು. ಹೋಗುತ್ತಾರೆ. ಡಿಜಿಟಲ್ ಅರೆಸ್ಟ್‌ನಲ್ಲಿ ದುಡ್ಡು ಕಳೆದುಕೊಂಡವರಲ್ಲಿ ಡಾಕ್ಟರುಗಳು, ಪ್ರೊಫೆಸರುಗಳು, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ. ದಯವಿಟ್ಟು ಯಾರನ್ನೂ ದಡ್ಡರು ಅನ್ನಬೇಡಿ. ಯೋಚಿಸೋಕೆ ಪುರುಸೊತ್ತೇ ಸಿಗದ ಹಾಗೆ ಆ ಕರೆಯನ್ನು ಹೆಣೆದಿರುತ್ತಾರೆ.

ಮೊದಲು ಕೊರಿಯರ್ ಹೆಸರಿನಲ್ಲಿ ಫೋನ್. ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಎನ್ನುತ್ತಾರೆ. ನಿಮ್ಮ ಆಧಾರ್ ನಂಬರನ್ನು ಅವರೇ ಓದಿ ಹೇಳುತ್ತಾರೆ. ಅಲ್ಲಿಗೆ ಅರ್ಧ ನಂಬಿಕೆ ಬಂತು. ಆಮೇಲೆ ವಿಡಿಯೊ ಕಾಲ್: ಖಾಕಿ ಬಟ್ಟೆ, ಹಿಂದೆ ಠಾಣೆಯಂಥ ಗೋಡೆ, ಸೀಲ್ ಹಾಕಿದ ಪತ್ರ. "ಕ್ಯಾಮೆರಾ ಆಫ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ." ಎಲ್ಲಕ್ಕಿಂತ ಅಪಾಯದ ಮಾತು ಇದೇ. ಪಕ್ಕದ ಕೋಣೆಯಲ್ಲಿರುವ ಮಗಳು ಒಂದೇ ನಿಮಿಷದಲ್ಲಿ "ಅಪ್ಪಾ, ಇದು ಮೋಸ" ಅಂದುಬಿಡಬಹುದು, ಅಲ್ವಾ? ಅದಕ್ಕೇ ಅವಳಿಗೆ ಗೊತ್ತಾಗಬಾರದು. ಮರ್ಯಾದೆಗೆ ಅಂಜುವವರು, ಜೀವನವಿಡೀ ಠಾಣೆ ಮೆಟ್ಟಿಲು ಹತ್ತದವರು ಬೇಗ ಸಿಕ್ಕಿಬೀಳೋದು ಇಲ್ಲೇ. ಕೊನೆಗೆ ಪರಿಶೀಲನೆಗೆ ಅಂತ ಎಫ್‌ಡಿ ಮುರಿಸಿ ಹಣ ಹಾಕಿಸಿಕೊಳ್ಳುತ್ತಾರೆ.

ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನೋದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದ್ದರು. ಇಂಥ ಕರೆ ಬಂದರೆ ಕಟ್ ಮಾಡಿ, ಮನೆಯವರನ್ನು ಕೂಗಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಈ ಗುಂಪಿನಲ್ಲಿ ಇಲ್ಲದ ಹಿರಿಯರಿಗೆ ಈ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಕೊಡಿ.