ಸಣ್ಣ ಪಾರ್ಟಿನವರಿಗೆ ಒಂದು ಶರಣು

ಎಲ್ಲಾರಿಗೂ ಶರಣ್ರಿ. ಮೊದಲ ಸುದ್ದಿ ಹೇಳಿಬಿಡ್ತೀನಿ, ಯಾಕಂದ್ರ ದಿನಾ ಯಾರರೆ ಫೋನ್ ಹಚ್ಚಿ ಕೇಳಾಕತ್ತಾರ. ಹೌದು, ವಾಕರ್ ಮೂಲಿಗೆ ಸೇರೇತಿ, ಕೋಲು ನಮ್ಮ ಕಾಕಾಗ ವಾಪಸ್ ಕೊಟ್ಟೀನಿ, ಮೊನ್ನೆ ಐತವಾರ ನಮ್ಮ ಓಣ್ಯಾಗ ಒಂದು ಕುಬಸದ ಕಾರ್ಯಕ್ರಮಕ್ಕ ನಾನ ಖುದ್ದ ಹೋಗಿ ಸೌಂಡ್ ಹಚ್ಚಿ ಬಂದೀನಿ. ಏಣಿ ಹತ್ತಲಿಲ್ಲ ಮತ್ತ, ಹತ್ತಿದ್ರ ಇನ್ನೊಂದು ಕಾಲು ನಮ್ಮ ಮನ್ಯಾಕಿ ತಾನ ಮುರೀತಾಳ. ಹುಡುಗ್ರು ಮ್ಯಾಲ ಹತ್ತಿ ವೈರ್ ಎಳದ್ರು, ನಾ ಕೆಳಗ ಕುರ್ಚಿ ಹಾಕ್ಕೊಂಡು ಮಿಕ್ಸರ್ ಮುಂದ ಕುಂತಿದ್ದೆ. ಅಷ್ಟರೆ ಆತಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ, ನಂದು ಬಾದಾಮಿ ಗುಳೇದಗುಡ್ಡ ಕಡೆ ಮೈಕ್ ಸೆಟ್ಟಿನ ದಂಧೆ. ಹೋದ ವರ್ಷ ಒಂದು ಮದವಿ ಪೆಂಡಾಲಿನಾಗ ಲೈಟ್ ಕಟ್ಟುವಾಗ ಏಣಿ ಜಾರಿ ಬಿದ್ದು ತೊಡಿ ಎಲಬು ಮುರೀತು, ಒಳಗ ರಾಡ್ ಹಾಕಿದ್ರು, ಆಮ್ಯಾಗ ತಿಂಗಳಗಟ್ಟಲೆ ಮಂಚದ ಮ್ಯಾಲ. ಸೀಜನ್ ಅಂದ್ರ ಸೀಜನ್ ಅಷ್ಟೂ ಹೋತು.

ಥ್ಯಾಂಕ್ಸ್ ಹೇಳೂದು ಬಾಳ ಮಂದಿಗೆ ಐತಿ. ನಮ್ಮ ಮನ್ಯಾಕಿಗೆ ಹೇಳಿದ್ರ "ಅದೇನ್ ಹೊಸಾದು ಹಚ್ಚೀರಿ" ಅಂತ ಬೈತಾಳ, ಅದಕ್ಕ ಅಕಿದು ಇಲ್ಲಿ ಬರೇ ಹೆಸರಿಗೆ ಮುಟ್ಟಿಸಿ ಬಿಡ್ತೀನಿ. ನಮ್ಮ ತಂಗಿ, ಅಕಿ ಮಗ, ಓಣಿ ಹುಡುಗ್ರು, ಮನಿಗೆ ಬಂದು ಮೊಳಕಾಲು ಮಡಚಿಸಿ ನನ್ನ ಕಡೆ ಕೆಟ್ಟ ಕೆಟ್ಟ ಮಾತು ಬೈಸ್ಕೊಂಡ ಫಿಜಿಯೋಥೆರಪಿ ಮೇಡಂ. ಅವರಷ್ಟ ಅಲ್ಲ, ನಮ್ಮ ಊರಾಗ ನನಗ ಕಾಂಪಿಟೇಶನ್ ಅಂತ ಇರೋ ಇನ್ನೊಬ್ಬ ಮೈಕ್ ಸೆಟ್ಟಿನವರು. ನಾ ಅಡ್ವಾನ್ಸ್ ತಗೊಂಡಿದ್ದ ಮದವಿ ಎಲ್ಲಾ ತಾವ ಮಾಡಿಕೊಟ್ಟು, ರೊಕ್ಕ ತಂದು ನನ್ನ ತಲೆದಿಂಬಿನ ಬುಡಕ್ಕ ಇಟ್ಟು ಹೋದ್ರು. ರೇಟಿನ ವಿಷಯಕ್ಕ ಅವರ ಜೋಡಿ ಎಷ್ಟ ಜಗಳ ಮಾಡೀನಿ ನಾ! ಇನ್ಮ್ಯಾಲೂ ಮಾಡ್ತೀನಿ, ಅದು ಬ್ಯಾರೆ ಮಾತು.

ಆದ್ರ ಇವತ್ತು ನಾ ಬರ್ಯಾಕ ಕುಂತದ್ದು ನನ್ನ ಹೆಸರೂ ಗೊತ್ತಿಲ್ಲದ ಕೆಲವು ಮಂದಿ ಸಲವಾಗಿ. ಟಿವಿ ಕಾಮಿಡಿ ಶೋದಾಗ ಸಣ್ಣ ಸಣ್ಣ ಪಾರ್ಟ್ ಮಾಡ್ತಾರಲ್ಲ, ಅವರಿಗೆ. ನಗಬ್ಯಾಡ್ರಿ, ಪೂರ್ತಿ ಓದ್ರಿ.

ಅಳಿಯ ಒಂದು ಸ್ಟ್ಯಾಂಡ್ ತಂದು ಮಂಚಕ್ಕ ಮೊಬೈಲ್ ಕಟ್ಟಿಕೊಟ್ಟ. ಮೇಡಂ ಹೇಳಿದ್ದು ಏನಂದ್ರ ಮಂಚದ ಅಂಚಿಗೆ ಕುಂತು ಕಾಲು ಜೋತ ಬಿಟ್ಟು ಹಿಮ್ಮಡ ಹಿಂದಕ್ಕ ಎಳೀಬೇಕು, ಹತ್ತು ನಿಮಿಷ, ದಿನಕ್ಕ ಮೂರು ಸಲ. ಗಡಿಯಾರ ನೋಡ್ಕೋತ ಮಾಡಿದ್ರ ಆ ಹತ್ತು ನಿಮಿಷ ಮುಗಿಯಂಗ ಇಲ್ಲ. ಅದಕ್ಕ ಕಾಮಿಡಿ ಕಿಲಾಡಿಗಳು ಹಚ್ಚಿದೆ, ಒಂದು ಸ್ಕಿಟ್ ಮುಗಿಯೂತನಕ ಮಡಚೋದು, ಜಡ್ಜ್ ಮಾತಾಡಾಕ ಶುರು ಮಾಡಿದ್ರ ರೆಸ್ಟ್. ಮಜಾ ಟಾಕೀಸೂ ಹಂಗ, ಮಜಾಭಾರತಾನೂ ಹಂಗ. ನೆಟ್ ಸರಿ ಬರದ ದಿನ ಡೌನ್‌ಲೋಡ್ ಮಾಡಿದ್ದನ್ನ ತಿರುಗಿ ತಿರುಗಿ ನೋಡೂದು. ಹಿಂಗಾಗಿ ಒಂದೊಂದು ಸ್ಕಿಟ್ ಎಷ್ಟು ಸಲ ನೋಡೀನಿ ಅಂದ್ರ ಡೈಲಾಗ್ ಅವರಿಗಿಂತ ಮೊದಲ ನನ್ನ ಬಾಯಾಗ ಬರ್ತಿದ್ವು.

ಹಂಗ ನೋಡುವಾಗ ಒಂದು ವಿಚಿತ್ರ ಆತ್ರಿ. ನಾಕೈದು ಸಲ ಆದ ಮ್ಯಾಲ ಮೇನ್ ಪಾರ್ಟಿನಾಂವ ಹೊಡದ ಡೈಲಾಗಿಗೆ ನಗಿ ಬರಂಗಿಲ್ಲ, ಅದು ಖರ್ಚಾಗಿ ಹೋಗಿರ್ತೈತಿ. ಆವಾಗ ಕಣ್ಣು ತಾನ ಸೈಡಿಗೆ ಹೋಗ್ತೈತಿ. ಅಲ್ಲೊಬ್ಬ ಚಾ ಟ್ರೇ ಹಿಡಕೊಂಡು ನಿಂತಿರ್ತಾನ, ಅಲ್ಲೊಬ್ಬಾಕಿ ನರ್ಸ್ ಡ್ರೆಸ್ ಹಾಕ್ಕೊಂಡು ಬಾಗಲ ಬಳಿ ನಿಂತಿರ್ತಾಳ, ಇಡೀ ಸ್ಕಿಟ್ಟಿನಾಗ ಅಕಿಗೆ ಇರೂದು "ಡಾಕ್ಟ್ರೇ, ಪೇಶಂಟ್ ಬಂದಾರ" ಅಷ್ಟ. ಇವರನ್ನ ನೋಡಾಕ ಶುರು ಮಾಡಿದ್ನೋ ಇಲ್ಲೋ, ಹಳೇ ಸ್ಕಿಟ್ ಎಲ್ಲಾ ಹೊಸಾವ ಆದ್ವು.

ಒಂದು ಹೆಣದ ಪಾರ್ಟ್ ಐತಿ, ಅದನ್ನ ಹೇಳಲೇಬೇಕು. ಅಪ್ಪ ಸತ್ತಾನ, ಮಕ್ಕಳು ಆಸ್ತಿಗೆ ಜಗಳಾಡಾಕತ್ತಾರ, ಹಳೇ ಕಥಿನ, ಎಲ್ಲಾ ಚಾನಲ್ಲಿನಾಗ ಬಂದೈತಿ. ಹೆಣ ಆದಾಂವ ಸುಮ್ಮನ ಮಲಗ್ಯಾನ. ಯಾರೋ ಹೂವು ಉಗ್ಗಿದಾಗ ಒಂದು ಎಸಳು ಹೋಗಿ ಅಂವನ ಮೂಗಿನ ತುದಿಗೆ ಕುಂತು, ಉಸರು ಬಿಟ್ಟಾಗೊಮ್ಮೆ ಎಸಳು ಏಳ್ತೈತಿ, ಬೀಳ್ತೈತಿ. ಅಂವಗ ಅದು ಗೊತ್ತಾತು. ಗೊತ್ತಾಗಿದ್ದ ತಡ ಉಸರ ಹಿಡದಬಿಟ್ಟ! ಮುಖ ಕೆಂಪಗಾತು, ಕುತ್ತಿಗಿ ನರ ಉಬ್ಬಿದ್ವು, ಕ್ಯಾಮೆರಾ ಆ ಕಡೆ ತಿರುಗೂತನಕ ಅಂವ ಬಿಡಲಿಲ್ಲ. ಮಕ್ಕಳು ಅಳೂದಕ್ಕ ಜನ ಬಿದ್ದು ಬಿದ್ದು ನಗಾಕತ್ತಾರ, ನಾ ಇಲ್ಲಿ ಮಂಚದಾಗ "ಬಿಡೋ ಮಾರಾಯಾ ಉಸರು" ಅಂತ ಒದರಾಕತ್ತೀನಿ. ನಮ್ಮ ಮನ್ಯಾಕಿ ಅಡಗಿ ಮನಿಯಿಂದ ಓಡಿ ಬಂದ್ಲು, ಏನಾತೋ ಅಂತ. ಅಂವನ ಹೆಸರು ಕೊನಿಗೂ ಬರಲಿಲ್ಲ, ಜಡ್ಜ್ ಆದವರು ಮಕ್ಕಳ ಪಾರ್ಟಿನವರನ್ನ ಹೊಗಳಿ ಮುಗಿಸಿದ್ರು.

ನಾ ಸೌಂಡಿನಾಂವ, ನನಗ ಮಂದಿ ಮಾತಿಗಿಂತ ಮಾತಿನ ನಡುವ ಇರೋ ಗ್ಯಾಪ್ ಜಾಸ್ತಿ ಕೇಳ್ತೈತಿ. ಕಾಮಿಡಿಯಾಗ ಆ ಗ್ಯಾಪಿನ ಮ್ಯಾಲನ ಎಲ್ಲಾ ನಿಂತೈತಿ. ಜನ ನಕ್ಕಾಗ ಮುಂದಿನ ಡೈಲಾಗ್ ಲಗೂನ ಹೇಳಿದ್ರ ನಗಿಯೊಳಗ ಮಾತು ಮುಳುಗಿ ಹೋಗ್ತೈತಿ, ತಡಾ ಮಾಡಿದ್ರ ಸ್ಕಿಟ್ ತಣ್ಣಗಾಗ್ತೈತಿ. ನಗಿ ಇಳ್ಯಾಕ ಶುರು ಆತು, ಪೂರ್ತಿ ಇಳದಿಲ್ಲ, ಆ ಹೊತ್ತಿಗೆ ಮಾತು ಬೀಳಬೇಕು. ಇದನ್ನ ಬಾಳ ಸಲ ಮಾಡೂದು ಸೈಡ್ ಪಾರ್ಟಿನಾಂವ, ಯಾಕಂದ್ರ ಮುಂದಿನ ಜೋಕಿಗೆ ಪ್ರಶ್ನೆ ಕೇಳಾಂವ ಅಂವನ. "ಹೌದಾ ಮಾವಾ, ಆಮೇಲೇನಾತು" ಅಂತ ಅಂವ ಸರಿ ಹೊತ್ತಿಗೆ ಕೇಳಲಿಲ್ಲ ಅಂದ್ರ ಮಾವನ ಜೋಕ್ ಗಂಟಲಾಗ ಉಳೀತೈತಿ. ವಾಲಿಬಾಲಿನಾಗ ಬಾಲ್ ಎತ್ತಿ ಕೊಡಾಂವ ಇಲ್ಲಂದ್ರ ಹೊಡಿಯಾಂವ ಏನ್ ಹೊಡೀತಾನ ಹೇಳ್ರಿ, ಆದ್ರ ಸೀಟಿ ಬೀಳೂದು ಹೊಡದಾಂವಗ.

ಕಾಮಿಡಿ ಕಿಲಾಡಿಗಳು 2016ರಾಗ ಜೀ ಕನ್ನಡದಾಗ ಶುರು ಆದಾಗ ಜಗ್ಗೇಶ್, ಯೋಗರಾಜ್ ಭಟ್, ರಕ್ಷಿತಾ ಜಡ್ಜ್ ಇದ್ರು, ಮಾಸ್ಟರ್ ಆನಂದ್ ನಡಸ್ತಿದ್ರು. ಮೊದಲ ಸೀಸನ್ ಕೆ.ಆರ್.ಪೇಟೆ ಶಿವರಾಜ್ ಗೆದ್ರು, ಎಲ್ಲಾರಿಗೂ ಗೊತ್ತು. ನಮ್ಮ ಮನ್ಯಾಗ ಟಿವಿ ಮುಂದ ಕುಂದ್ರತಿದ್ದದ್ದು ಮಾತ್ರ ನಮ್ಮ ಕಡೆಯವರು ಬಂದಾಗ. ಬೆಳಗಾವಿ ಜಿಲ್ಲೆ ಸಂಜು ಬಸಯ್ಯ ಬಂದ್ರ ನಮ್ಮವ್ವ ರೊಟ್ಟಿ ಬಡಿಯೂದು ಬಿಟ್ಟು ಬರಾಕಿ. ಆಮ್ಯಾಗ ರಾಮದುರ್ಗದ ಅಪ್ಪಣ್ಣ. ಅದಕ್ಕಿಂತ ಮೊದಲು ಟಿವಿಯೊಳಗ ನಮ್ಮ ಕಡೆ ಮನಶ್ಯಾ ಅಂದ್ರ ಏನಿತ್ರಿ, ಮೀಸಿ, ಪಟಗಾ, ಒಂದು ಬೈಗಳ, ಖಡಕ್ ರೊಟ್ಟಿ, ಮುಗೀತು. ಇವರು ಬಂದು ಮನ್ಯಾಗ ಮಾತಾಡಿದಂಗ ಮಾತಾಡಿದ್ರು.

ಒಂದು ಮಾತು ಹೇಳಬೇಕಂದ್ರ, ಸಂಜು ಬಸಯ್ಯ ಅವರ ವಿಷಯದಾಗ ಸ್ಕಿಟ್ ಬರದವರ ಮ್ಯಾಲ ನನಗ ಸಿಟ್ಟೈತಿ. ಗಿಡ್ಡ ಅದಾರ ಅಂತ ಎತ್ತಿ ಬಗಲಾಗ ಇಟ್ಟುಕೊಳ್ಳೂದು, ಚೀಲದಾಗ ಹಾಕೂದು, ಇಂಥಾ ನಗಿ ಯಾರು ಬೇಕಾದವರು ತರಸ್ತಾರ. ಅವರ ಕೈಚಳಕ ಇರೂದು ಎತ್ತಿದ ಮ್ಯಾಲ ಅವರು ಎತ್ತಿದಾಂವನ ಮುಖ ನೋಡೂದರಾಗ. ಏನೂ ಹೇಳಂಗಿಲ್ಲ, ಬರೇ ನೋಡ್ತಾರ, ಆಮ್ಯಾಗ ಒಂದು ಮಾತು. ಎತ್ತದ ಇದ್ರೂ ಆ ನಗಿ ಬರ್ತಿತ್ತು, ನನ್ನ ಮಾತು ಬರಕೊಳ್ರಿ.

ಉಡುಪಿ ಕಡೆ ರಾಕೇಶ್ ಪೂಜಾರಿ ಅಂತೂ ಮೂರನೇ ಸೀಸನ್ ಗೆದ್ದಾಂವ, ಅಂವನ್ನ ಸಣ್ಣ ಪಾರ್ಟಿನಾಂವ ಅನ್ನಾಕ ಬರಂಗಿಲ್ಲ. ಆದ್ರ ಹಳೇ ಎಪಿಸೋಡ್ ನೋಡ್ರಿ, ಬ್ಯಾರೆಯವರ ಸ್ಕಿಟ್ಟಿನಾಗ ಅಂವ ಹಿಂದ ನಿಂತಾಗೂ ಸುಮ್ಮನ ನಿಂತಿರ್ತಿದ್ದಿಲ್ಲ, ಹಂಗಂತ ಮುಂದಿನವರ ನಗಿ ಕದೀತಿದ್ದಿಲ್ಲ. 2025ರ ಮೇ ತಿಂಗಳಾಗ ಗೆಳ್ಯಾನ ಮೆಹಂದಿ ಕಾರ್ಯಕ್ರಮಕ್ಕ ಹೋದಾಗ ಹಾರ್ಟ್ ಅಟ್ಯಾಕ್ ಆಗಿ ಹೋದ, ಇನ್ನೂ ನಲವತ್ತೂ ಆಗಿದ್ದಿಲ್ಲ. ಕಾಂತಾರದ ಎರಡನೇ ಸಿನಿಮಾ ಬಂದದ್ದು ಅದ ವರ್ಷ ಅಕ್ಟೋಬರದಾಗ, ಅದರಾಗ ಅಂವ ಪರದೆ ಮ್ಯಾಲ ಬಂದಾಗ ನಮ್ಮ ಅಳಿಯ ಥೇಟರಿನಾಗ ಎದ್ದು ನಿಂತನಂತ.

ಇನ್ನ ಮಜಾ ಟಾಕೀಸ್. 2015ರ ಫೆಬ್ರುವರಿಯಾಗ ಶುರು ಆದಾಗ ಚಾನಲ್ ಹೆಸರು ಇನ್ನೂ ಈಟಿವಿ ಕನ್ನಡ ಇತ್ತು, ಅದ ವರ್ಷ ಕಲರ್ಸ್ ಕನ್ನಡ ಆತು. ಸೃಜನ್ ಲೋಕೇಶ್, ಕುರಿ ಪ್ರತಾಪ್ ಇವರಿಗೆ ಚಪ್ಪಾಳಿ ಬೇಕಾದಷ್ಟು ಬಿದ್ದಾವು. ಮಂಡ್ಯ ರಮೇಶ್ ಅವರು ನೀನಾಸಂನಾಗ ಕಲತು ರಂಗಾಯಣದಾಗ ದುಡದು ಮೈಸೂರಾಗ ನಟನ ಅಂತ ತಮ್ಮದ ರಂಗಶಾಲೆ ಕಟ್ಟಿದವರು, ಅಂಥವರು ಇಲ್ಲಿ ಬಂದು ಬೈಸ್ಕೊಳ್ಳೋ ಪಾರ್ಟ್ ಮಾಡ್ತಿದ್ರು. ಬೈಸ್ಕೊಳ್ಳೂದು ಬೈಯೂದಕ್ಕಿಂತ ಕಷ್ಟ, ಬೇಕಾದ್ರ ಮನ್ಯಾಗ ಟ್ರೈ ಮಾಡ್ರಿ. ರೇಮೋ ಅವರ ಬ್ಯಾಂಡಿಗೂ ಒಂದು ಶರಣು. ಜೋಕ್ ಬಿದ್ದಕೂಡ್ಲೆ ಒಂದು ಡ್ರಮ್ಮಿನ ಏಟು, ಜೋಕ್ ಬಿದ್ದೇ ಇಲ್ಲಂದ್ರ ಅದನ್ನ ಎತ್ತಾಕ ಇನ್ನೊಂದು ಏಟು. ಎಷ್ಟ ಸತ್ತ ಜೋಕ್ ಆ ಡ್ರಮ್ಮಿನಿಂದ ಜೀವ ಆಗ್ಯಾವೋ.

ಆದ್ರ ನನಗ ಆ ಶೋ ಅಂದ್ರ ಅಪರ್ಣಾ ಮೇಡಂ. "ಒನ್ ಅಂಡ್ ಓನ್ಲಿ ವರಲಕ್ಷ್ಮಿ". ಪುಟ್ಟಣ್ಣ ಕಣಗಾಲರ ಮಸಣದ ಹೂವು ಸಿನಿಮಾದಾಗ ಬಂದಾಕಿ, ಆಮ್ಯಾಗ ದೂರದರ್ಶನ, ರೇಡಿಯೋ, ಸರ್ಕಾರಿ ಕಾರ್ಯಕ್ರಮ ಎಲ್ಲಾದರಾಗೂ ಅದ ದನಿ. ನಾವು ಮೈಕ್ ಟೆಸ್ಟ್ ಮಾಡಾವ್ರು ಅಂಥಾ ಕನ್ನಡ ಕೇಳಿದ್ರ ಕೈಕಟ್ಟಿ ನಿಂದ್ರಬೇಕು, ಒಂದು ಅಕ್ಷರ ಹಾರಂಗಿಲ್ಲ, ಒಂದು ಉಸರು ಮೈಕಿಗೆ ಬಡಿಯಂಗಿಲ್ಲ. ಬೆಂಗಳೂರಿಗೆ ಎಸ್‌ಪಿ ರೋಡಿಗೆ ಸಾಮಾನು ತರಾಕ ಹೋದಾಗ ಮೆಟ್ರೋದಾಗ ಸ್ಟೇಷನ್ ಹೆಸರು ಹೇಳ್ತಿದ್ದದ್ದೂ ಅಕಿನ, ಅಲ್ಲಿ ಕುಂತು ನಾ ಸ್ಟೇಷನ್ ಇಳಿಯೂದ ಬಿಟ್ಟು ಆ ದನಿ ಕೇಳ್ಕೋತ ಮುಂದ ಹೋಗಬೇಕು ಅನಸ್ತಿತ್ತು. ಅಂಥಾ ದನಿ ಇದ್ದಾಕಿ ಆ ಶೋದಾಗ ಏನ್ ಮಾಡಿದ್ಲು? ತನ್ನ ಆ ಶುದ್ಧ ಕನ್ನಡಾನ, ಆ ಗತ್ತನ್ನ ತಾನ ಒಯ್ದು ಜೋಕಿಗೆ ಕೊಟ್ಟಬಿಟ್ಲು. ಸೃಜನ್ ಅಣಗಸ್ತಾನ, ಜನ ನಗ್ತಾರ, ಅಕಿ ಗಂಭೀರ ಮುಖ ಮಾಡ್ಕೊಂಡು ಕುತ್ತಿಗಿ ಸ್ವಲ್ಪ ಎತ್ತಿ ಇನ್ನೂ ಶುದ್ಧ ಕನ್ನಡ ಮಾತಾಡ್ತಾಳ. ತಾ ನಕ್ಕಿದ್ರ ಎಲ್ಲಾ ಕೆಡ್ತಿತ್ತು. 2024ರ ಜುಲೈ 11ಕ್ಕ ಕ್ಯಾನ್ಸರಿನಿಂದ ಹೋದ್ರು, ಪೇಪರಿನಾಗ ಎಲ್ಲಾ ನಿರೂಪಕಿ ಅಂತ ಬರದ್ರು, ಖರೇನ. ಅದರ ಜೋಡಿ "ದೊಡ್ಡ ಹಾಸ್ಯ ಕಲಾವಿದೆ" ಅಂತ ಒಂದು ಸಾಲು ಹೆಚ್ಚಿಗಿ ಬರೀಬೇಕಿತ್ತು ಅನಸ್ತೈತಿ ನನಗ.

ಸಣ್ಣ ಪಾರ್ಟಿನ ಕಿಮ್ಮತ್ತು ನಮ್ಮ ಕಡೆ ಮಂದಿಗೆ ಹೊಸಾದೇನಲ್ಲ. ಬನಶಂಕರಿ ಜಾತ್ರಿಗೆ ನಾಟಕ ಕಂಪನಿಗಳು ಬಂದು ಟೆಂಟ್ ಹೊಡದಾಗ ನಾ ಸಣ್ಣಾವಿದ್ದಾಗಿಂದ ಸೌಂಡ್ ಹುಡುಗನಾಗಿ ಸೈಡ್ ವಿಂಗಿನಾಗ ಕುಂತಾಂವ. ಆವಾಗ ಕಾಲರ್ ಮೈಕ್ ಎಲ್ಲಿದ್ದು, ಮ್ಯಾಲಿಂದ ತೂಗು ಬಿಟ್ಟ ಮೈಕ್, ಡೈಲಾಗ್ ಇದ್ದಾಂವ ಜರಕೋತ ಜರಕೋತ ಮೈಕಿನ ಬುಡಕ್ಕ ಬರಬೇಕು. ಸಣ್ಣ ಪಾರ್ಟಿನಾಂವಗ ಜಾಗಾನ ಸಿಗೂದಿಲ್ಲ, ಅಂವ ದೂರ ನಿಂತ ಒದರಬೇಕು, ಅಂವನ ಒಂದ ಒಂದು ಮಾತು ಕೊನಿ ಸಾಲಿನವರಿಗೆ ಮುಟ್ಟೂದಿಲ್ಲ. ನಾ ಅಂವನ ಪಾಳಿ ಬಂದಾಗ ವಾಲ್ಯೂಮ್ ಒಂದಿಷ್ಟು ಏರಿಸಿ ಮತ್ತ ಇಳಸ್ತಿದ್ದೆ, ಹೀರೋ ಪಾರ್ಟಿನವರು ಬೈತಿದ್ರು. ದೊಡ್ಡವರೂ ಎಲ್ಲಾ ಅಲ್ಲಿಂದ ಬಂದವರ. ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರು ಹುಡುಗರಿದ್ದಾಗ ಹೆಣ್ಣ ಪಾರ್ಟ್ ಮಾಡಿದವರು, ಆಮ್ಯಾಗ ಬಸವಣ್ಣನ ಪಾರ್ಟ್ ಮಾಡಿ ಜನ ಕಾಲಿಗೆ ಬೀಳೂವಂಗ ಆದ್ರು, 2017ರಾಗ ನೂರು ದಾಟಿ ಹೋದ್ರು. ಟಿವಿಯಾಗ ಗಂಡಸರು ಸೀರಿ ಉಟ್ಟುಕೊಂಡು ಬಂದ್ರ ಬರೇ ಕುಣಸ್ತಾರ ನೋಡ್ರಿ, ಅದನ್ನ ನೋಡಿದಾಗ ನನಗ ಇದು ನೆನಪಾಗಿ ಹೊಟ್ಟಿ ಉರೀತೈತಿ. ಅವರಾಗೂ ಒಬ್ಬಿಬ್ಬರು ಸೀರಿ ನೆರಿಗಿ ಹಿಡಕೊಳ್ಳೂದು, ಸೆರಗು ಸರಿ ಮಾಡ್ಕೊಳ್ಳೂದು ಎಷ್ಟ ಚಂದ ಮಾಡ್ತಾರ ಅಂದ್ರ ಅವರ ಮನ್ಯಾಗ ಅವ್ವನ್ನೋ ಅಕ್ಕನ್ನೋ ಕಣ್ಣಿಟ್ಟು ನೋಡ್ಯಾರ ಅಂತ ಗೊತ್ತಾಗ್ತೈತಿ.

ಮಲಗಿದಾಗ ನಾನೂ ಒಂದು ಸಣ್ಣ ಪಾರ್ಟ್ ಅಂತ ಅನಸಿದ್ದು ಖರೆ, ಮನ್ಯಾಗ ಎಲ್ಲಾರೂ ಓಡಾಡ್ತಾರ, ನಾ ಮೂಲ್ಯಾಗ ಮಲಗಿ "ನೀರು ಕೊಡ್ರಿ" ಅನ್ನೋ ಒಂದ ಡೈಲಾಗ್. ಆ ಹೆಣದ ಪಾರ್ಟಿನಾಂವ ನನಗ ಬಾಳ ಸಹಾಯ ಮಾಡಿದ. ಮಲಗಿದ್ರೂ ಕೆಲಸ ಮಾಡಾಕತ್ತಾನಲ್ಲ ಅಂವ!

ಈಗ ಒಂದು ಅನೌನ್ಸ್‌ಮೆಂಟ್. ಬರೂ ಜಾತ್ರಿಗೆ ನಮ್ಮ ಊರ ಹುಡುಗ್ರು ನಾಟಕ ಆಡಾಕತ್ತಾರ, ಮೈಕ್ ನಂದ, ಫುಕಟ್. ಆದ್ರ ಕಮಿಟಿಯವರಿಗೆ ಒಂದು ಕಂಡೀಶನ್ ಹಾಕೀನಿ. ಹ್ಯಾಂಡ್‌ಬಿಲ್ಲಿನಾಗ ಹೀರೋ, ವಿಲನ್, ದೇಣಿಗಿ ಕೊಟ್ಟವರು, ಊರ ಹಿರಿಯರು, ಅವರ ಫೋಟೋ ಎಲ್ಲಾ ಹಾಕಿ ಕೊನಿಗೆ "ಮತ್ತು ಇತರರು" ಅಂತ ಬರೀತಾರಲ್ಲ, ಆ ಇತರರ ಹೆಸರು ಒಂದೊಂದ ಅಚ್ಚು ಹಾಕಸಬೇಕು, ಪೊಲೀಸ್ ಪಾರ್ಟಿನಾಂವಂದೂ, ಚಾದಂಗಡಿ ಹುಡುಗಂದೂ. ಹಾಕಸ್ಲಿಲ್ಲ ಅಂದ್ರ ನಾ ಮೈಕಿನಾಗ ಓದತೀನಿ, ಮೈಕ್ ನನ್ನ ಕೈಯಾಗ ಐತಿ. ನಾಟಕದ ನಡುವ ಆಯೇರಿ ಬಂದಾಗ ಯಾವಾಗ್ಲೂ ಹೀರೋಯಿನ್ ಹಾಡಿಗೆ ಬರ್ತಾವು, ಈ ಸಲ ಸಣ್ಣ ಪಾರ್ಟಿನವರಿಗೂ ಒಂದಿಷ್ಟು ಬರಲಿ, ಮೊದಲನೇದು 101 ರೂಪಾಯಿ ನಂದ. ಯಾರಿಗೆ ಕೊಡಬೇಕಂತ ಆಗಲೇ ಗಟ್ಟಿ ಮಾಡೀನಿ, ಎರಡನೇ ಅಂಕದಾಗ ಒಬ್ಬ ಗೌಡರ ಮನಿ ಆಳು ಬರ್ತಾನ, "ಬುದ್ಧಿ, ಕುದರಿ ಓಡಿ ಹೋತ್ರಿ" ಅಂತ ಹೇಳಿ ಹೊಳ್ಳಿ ಹೋಗ್ತಾನ. ಪ್ರಾಕ್ಟೀಸಿಗೆ ಹೋಗಿ ನೋಡೀನಿ, ಅಂವ ದಿನಾ ಬ್ಯಾರೆ ಬ್ಯಾರೆ ನಮೂನಿ ಓಡಿಬಂದು ಹೇಳಾಕತ್ತಾನ, ಯಾವುದು ಚಲೋ ಅಂತ ಇನ್ನೂ ಅಂವಗ ಪಸಂದ ಬಂದಿಲ್ಲ. ಎಲ್ಲಾರೂ ಬರ್ರಿ.