ಸಾಲ ಯಾತಕ್ಕೆಂದು ಬಜೆಟ್‌ನಲ್ಲಿ ಬಿಡಿಸಿ ಹೇಳಲಿ

ಮಾನ್ಯ ಸಂಪಾದಕರೇ,

ಅರಸೀಕೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ 19 ವರ್ಷಗಳಿಂದ ಕಿರಾಣಿ ಅಂಗಡಿ ನಡೆಸುತ್ತಿದ್ದೇನೆ. ಗೃಹಲಕ್ಷ್ಮಿಯ 2,000 ರೂಪಾಯಿ ಜಮಾ ಆದ ಮಾರನೇ ದಿನವೇ ಹೆಂಗಸರು ಬಂದು ಉದ್ದರಿ ಪುಸ್ತಕದಲ್ಲಿ ಹಳೇ ಬಾಕಿ ಹೊಡೆಸಿ ಹೋಗುತ್ತಾರೆ. ಕಾಲು ಕೆ.ಜಿ. ತೊಗರಿಬೇಳೆ ಒಯ್ಯುತ್ತಿದ್ದ ಅಜ್ಜಿಯೊಬ್ಬರು ಈಗ ಒಂದು ಕೆ.ಜಿ. ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಗ್ಯಾರಂಟಿ ದುಡ್ಡೆಲ್ಲ ಪೋಲು ಎನ್ನುವ ಮಾತನ್ನು ನಾನು ಒಪ್ಪಲಾರೆ.

ನನ್ನ ಕಳವಳ ಆ ದುಡ್ಡು ಬರುವ ದಾರಿಯದು. 2025–26ರ ರಾಜ್ಯ ಬಜೆಟ್ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅದರಲ್ಲಿ 1.16 ಲಕ್ಷ ಕೋಟಿ ಸಾಲದಿಂದಲೇ ಬರಬೇಕಿತ್ತು. ಗ್ಯಾರಂಟಿಗಳಿಗೆ 51,034 ಕೋಟಿ. ರಾಜಸ್ವ ಕೊರತೆ 19,262 ಕೋಟಿ. ಅಂದರೆ ಸಂಬಳ, ಪಿಂಚಣಿ, ಬಡ್ಡಿ, ಸಹಾಯಧನದಂಥ ವರ್ಷ ವರ್ಷದ ಖರ್ಚಿಗೇ ಅಷ್ಟು ಸಾಲ ಬೇಕಿತ್ತು. ಹಣಕಾಸಿನ ಶಿಸ್ತಿಗೆಂದು 2002ರಲ್ಲಿ ದೇಶದಲ್ಲೇ ಮೊದಲು ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅದರ ಪ್ರಕಾರ ಒಟ್ಟು ಸಾಲ ರಾಜ್ಯದ ವರ್ಷದ ಒಟ್ಟು ಉತ್ಪನ್ನದ ಶೇ 25 ಮೀರಬಾರದು. ಆ ಬಜೆಟ್‌ನ ಅಂದಾಜು ಶೇ 24.91. ಮಿತಿಯೊಳಗೇ ಇತ್ತು, ನಿಜ. ಆದರೆ ನಾಳೆ ಬರಗಾಲ ಬಂದರೆ ಕೈಚಾಚಲು ಜಾಗವೆಲ್ಲಿ?

ತೆರಿಗೆಯಿಂದ ತುಂಬಿಸೋಣವೆಂದರೆ ಅದು ಯಾರ ತಲೆಗೆ? 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ತೆರಿಗೆ ಏರಿಸಿದರು. 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿ ಲೀಟರಿಗೆ 2 ರೂಪಾಯಿ ಕೂಡಿಸಿದರು. ತಿಪಟೂರಿನಿಂದ ನನ್ನ ಸರಕು ತರುವ ಟೆಂಪೊದವರು ಬಾಡಿಗೆ ಜಾಸ್ತಿ ಮಾಡಿದರು. ನಾನು ಅದನ್ನು ಬೇಳೆ, ಎಣ್ಣೆಯ ಮೇಲೆ ಹಾಕದೆ ವಿಧಿಯಿಲ್ಲ. ಕೊನೆಗೆ ಕೊಡುವವರು ಆ ಅಜ್ಜಿಯೇ.

ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಿದರೆ ಮೊದಲು ‘ಯಾತಕ್ಕೆ?’ ಎಂದು ಕೇಳಿ ಬರೆದುಕೊಳ್ಳುತ್ತಾರೆ. ಹಿಟ್ಟಿನ ಗಿರಣಿಗೆಂದು ನಾನು ಪಡೆದ 60,000ದ ಕಂತನ್ನು ಗಿರಣಿಯ ದುಡಿಮೆಯೇ ಕಟ್ಟಿತು. ಮಗಳ ಬಾಣಂತನಕ್ಕೆ ಪಡೆದ 20,000ದ ಕಂತಿಗೆ ಅಂಗಡಿಯ ಬಂಡವಾಳಕ್ಕೆ ಕೈ ಹಾಕಬೇಕಾಯಿತು. ಎಂಟು ತಿಂಗಳು ಗೂಡುಗಳು ಅರ್ಧ ಖಾಲಿ. ಬಾಣಂತನ ಮಾಡಬಾರದಿತ್ತು ಅಂತಲ್ಲ, ಮಾಡಲೇಬೇಕು. ಅದಕ್ಕೆ ಮುಂಚಿನಿಂದ ದುಡ್ಡು ಕೂಡಿಡಬೇಕಿತ್ತು.

ನಮ್ಮೂರ ಕೆರೆಯ ತೂಬು ಒಡೆದು ಮೂರು ಮಳೆಗಾಲ ಕಳೆದವು. ಕೇಳಿದಾಗಲೆಲ್ಲ ಅನುದಾನವಿಲ್ಲ ಎಂಬ ಉತ್ತರ. ಆ ಕೆರೆಯಲ್ಲಿ ನೀರು ನಿಂತ ವರ್ಷ ತೆಂಗು ಕೈ ಹಿಡಿಯುತ್ತಿತ್ತು, ಕೊಬ್ಬರಿ ಮಾರಿ ಬಂದವರು ಇಡೀ ವರ್ಷದ ಬಾಕಿ ಒಟ್ಟಿಗೇ ಕೊಡುತ್ತಿದ್ದರು. ಸಾಲ ತಂದು ಇಂಥದ್ದಕ್ಕೆ ಹಾಕಿದರೆ ತೀರಿಸುವ ಶಕ್ತಿಯೂ ಊರಿಗೆ ಬರುತ್ತದೆ.

ಬಜೆಟ್ ಪುಸ್ತಕಗಳಲ್ಲಿ ಅಂಕಿಗಳಿವೆ, ನಮ್ಮಂಥವರ ಕಣ್ಣಿಗೆ ಬೀಳುವುದಿಲ್ಲ. ಮುಂದಿನ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ಒಂದೇ ಪುಟದಲ್ಲಿ ಹೇಳಲಿ: ತರುವ ಸಾಲದಲ್ಲಿ ಕೆರೆ, ರಸ್ತೆ, ಶಾಲೆಗೆಷ್ಟು, ಹಳೇ ಸಾಲದ ಕಂತಿಗೆಷ್ಟು, ದಿನದ ಖರ್ಚಿಗೆಷ್ಟು. ಆ ಪುಟವನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.

– ಕಿರಾಣಿ ಅಂಗಡಿಯ ಒಬ್ಬ ಗೃಹಿಣಿ, ಅರಸೀಕೆರೆ ತಾಲ್ಲೂಕು